ಅಡ್ಡಮಳೆಗೊಂದು ಮಿಂಚಿನ ಪೆಟ್ಟಿಗೆ

ಕತ್ತಲಾದ ಮೇಲೆ ಮಿಂಚಿನ ಫೋಟೊ ತೆಗೆಯಲು ಯಾವ ಯಂತ್ರವೂ ಬೇಡ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂಡಿಸಿ, ಐಎಸ್‌ಒ 100, ಎಫ್/8, 20 ಸೆಕೆಂಡ್ ಇಟ್ಟು ಒಂದರ ಹಿಂದೊಂದು ತೆಗೆಯುತ್ತ ಹೋದರೆ ಯಾವುದಾದರೊಂದರಲ್ಲಿ ಮಿಂಚು ತಾನಾಗಿ ಬಂದು ಬೀಳುತ್ತದೆ. ತೊಡಕಿರುವುದು ಹಗಲಿನಲ್ಲಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯ ಅಡ್ಡಮಳೆ, ಅಂದರೆ ಮುಂಗಾರಿಗೆ ಮುಂಚಿನ ಗುಡುಗುಮಳೆ, ಕತ್ತಲಿಗೆ ಕಾಯುವುದಿಲ್ಲ. ಭರಣಿ, ಕೃತ್ತಿಕೆ ನಕ್ಷತ್ರಗಳ ದಿನಗಳಲ್ಲಿ, ಅಂದರೆ ಏಪ್ರಿಲ್ ಕೊನೆಯ ವಾರದಿಂದ ಮೇ ನಾಲ್ಕನೇ ವಾರದವರೆಗೆ, ಮಧ್ಯಾಹ್ನ ಹೂಕೋಸಿನ ಹಾಗೆ ಮೋಡ ಎದ್ದು, 4ರಿಂದ 7ರೊಳಗೆ ಹೊಡೆದು ಹೋಗುವುದೇ ಹೆಚ್ಚು. ಮೇ ತಿಂಗಳಲ್ಲಿ ಇಲ್ಲಿ ಹೊತ್ತು ಮುಳುಗುವುದೇ 7ಕ್ಕೆ ತುಸು ಮುಂಚೆ. ಆ ಬೆಳಕಿನಲ್ಲಿ 20 ಸೆಕೆಂಡ್ ಶಟರ್ ತೆರೆದರೆ ಸಿಗುವುದು ಬಿಳಿ ಹಾಳೆ. ಕಾಲು ಸೆಕೆಂಡ್ ಇಟ್ಟು ಬೆರಳಿನಿಂದ ಒತ್ತಿದರೆ ಮಿಂಚು ಹೋದ ಮೇಲಿನ ಮೋಡ. ಕಂಟಿನ್ಯುವಸ್ ಮೋಡ್‌ನಲ್ಲಿ ಬಿಡದೆ ತೆಗೆಯುತ್ತ ಹೋದರೆ ಒಂದು ತಾಸಿಗೆ ಏಳು ಸಾವಿರ ಫೋಟೊ ಆಗುತ್ತವೆ, ಶಟರ್‌ನ ಆಯಸ್ಸೂ ಅಷ್ಟೇ ಸವೆಯುತ್ತದೆ.

ಈ ಪೆಟ್ಟಿಗೆ ಆ ಮೂರು ತಾಸಿನ ಬೆಳಕಿಗಾಗಿ. ಮಿಂಚಿನ ಬೆಳಕು ಕಂಡ ಕೂಡಲೆ ಕ್ಯಾಮೆರಾದ ಶಟರ್ ಒತ್ತುವುದಷ್ಟೇ ಅದರ ಕೆಲಸ. ಬಿಡಿಭಾಗಗಳೆಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ, ಬೆಸುಗೆ ಹಾಕಲು ಬರುವವರಿಗೆ ಎರಡು ಭಾನುವಾರದ ಕೆಲಸ.

ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಮೊದಲೇ ಗೊತ್ತಿರಲಿ. ನಮ್ಮ ಕಣ್ಣಿಗೆ ಒಂದೇ ಮಿಂಚು ಎಂದು ಕಾಣುವುದು ಸಾಮಾನ್ಯವಾಗಿ ಮೂರು-ನಾಲ್ಕು ಹೊಡೆತಗಳ ಸರಣಿ. ಒಂದಕ್ಕೂ ಇನ್ನೊಂದಕ್ಕೂ 40ರಿಂದ 60 ಮಿಲಿಸೆಕೆಂಡ್ ಅಂತರ. ಮಿಂಚು ನಡುಗಿದಂತೆ ಕಾಣುವುದು ಇದಕ್ಕೇ. ಪೆಟ್ಟಿಗೆ ಮೊದಲ ಹೊಡೆತವನ್ನು ನೋಡಿ ಎಚ್ಚರಾಗುತ್ತದೆ, ಕ್ಯಾಮೆರಾ ತೆರೆದುಕೊಳ್ಳುವಷ್ಟರಲ್ಲಿ ಎರಡನೆಯದೋ ಮೂರನೆಯದೋ ಬಂದಿರುತ್ತದೆ. ಫೋಟೊದಲ್ಲಿ ಮೂಡುವುದು ಆ ಮುಂದಿನ ಹೊಡೆತಗಳು. ಬೇರಿನಂತೆ ಹರಡಿದ ಕವಲುಗಳು ಬೆಳಗುವುದು ಹೆಚ್ಚಾಗಿ ಮೊದಲ ಹೊಡೆತದಲ್ಲಿ. ಮುಂದಿನವು ಅದೇ ಕಾಂಡದ ಗುಂಟ ಇಳಿಯುತ್ತವೆ, ಕವಲಿರುವುದಿಲ್ಲ. ಹಾಗಾಗಿ ಇಂಥ ಪೆಟ್ಟಿಗೆಯಿಂದ ತೆಗೆದ ಫೋಟೊಗಳಲ್ಲಿ ಬೋಳು ಕಾಂಡವೇ ಹೆಚ್ಚು. ಕವಲು ಬೇಕೆಂದರೆ ಕತ್ತಲಾಗುವ ತನಕ ಕಾದು ಶಟರ್ ತೆರೆದಿಡುವುದೇ ದಾರಿ. ಒಂದೇ ಹೊಡೆತದಲ್ಲಿ ಮುಗಿಯುವ ಮಿಂಚು ಎಷ್ಟು ಒಳ್ಳೆಯ ಪೆಟ್ಟಿಗೆ ಕಟ್ಟಿದರೂ ಸಿಗುವುದಿಲ್ಲ. ಅದರ ಬದಲು ಮಳೆ ಮುಂದೆ ಸರಿದ ಮೇಲೆ ಮೋಡದ ಹಿಂಬದಿಯಲ್ಲಿ ಆಕಾಶದ ಉದ್ದಕ್ಕೂ ಹರಿದಾಡುವ ಮಿಂಚಿದೆಯಲ್ಲ, ಅದು ಅರ್ಧ ಸೆಕೆಂಡಿಗೂ ಮಿಕ್ಕಿ ಇರುತ್ತದೆ, ಪೆಟ್ಟಿಗೆಗೆ ಅದು ಸಲೀಸು.

ಬೇಕಾದ ಸಾಮಾನು

ಕಣ್ಣಿಗೆ ಬಿಪಿಡಬ್ಲ್ಯು 34 ಫೋಟೊಡಯೋಡ್ (ಬೆಳಕು ಬಿದ್ದಷ್ಟು ಕರೆಂಟ್ ಹರಿಸುವ ಡಯೋಡ್) ಒಂದು. ಇದರ ಬದಲು ಎಲ್‌ಡಿಆರ್ (ಬೆಳಕಿಗೆ ರೋಧ ಬದಲಾಗುವ ರೆಸಿಸ್ಟರ್) ಹಾಕಬೇಡಿ. ಅದು ಬೆಳಕಿಗೆ ಸ್ಪಂದಿಸಲು ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಒಂದು ಹೊಡೆತ ಕಳೆದಿರುತ್ತದೆ. ಸಿಗ್ನಲ್ ಹಿಗ್ಗಿಸಲು ಎಲ್‌ಎಂ 358 ಐಸಿ ಒಂದು, ಅದಕ್ಕೆ 8 ಕಾಲಿನ ಸಾಕೆಟ್. ಆರ್ಡುಯಿನೊ ನ್ಯಾನೊ (ಪ್ರೋಗ್ರಾಮ್ ತುಂಬಬಹುದಾದ ಚಿಕ್ಕ ಬೋರ್ಡು) ಒಂದು. ಪಿಸಿ 817 ಆಪ್ಟೊಕಪ್ಲರ್ (ತಂತಿ ತಾಗಿಸದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಸ್ವಿಚ್) ಎರಡು. 10 ಕಿಲೋ ಓಮ್‌ನ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ರೆಸಿಸ್ಟರ್‌ಗಳಲ್ಲಿ 100 ಓಮ್ ಒಂದು, 330 ಓಮ್ ಎರಡು, 10 ಕಿಲೋ ನಾಲ್ಕು, 22 ಕಿಲೋ, 33 ಕಿಲೋ, 100 ಕಿಲೋ, 220 ಕಿಲೋ ಒಂದೊಂದು. ಕೆಪಾಸಿಟರ್‌ಗಳಲ್ಲಿ 10 ನ್ಯಾನೊಫ್ಯಾರಡ್ ಒಂದು, 10 ಮೈಕ್ರೊಫ್ಯಾರಡ್ ಎರಡು, 100 ಮೈಕ್ರೊಫ್ಯಾರಡ್ ಒಂದು. ಟಾಗಲ್ ಸ್ವಿಚ್ ಎರಡು, ಆನ್-ಆಫ್ ಸ್ವಿಚ್ ಒಂದು, 1ಎನ್4007 ಡಯೋಡ್ ಒಂದು, ನಾಲ್ಕು ಎಎ ಸೆಲ್ಲಿನ ಹೋಲ್ಡರ್, ಜೀರೋ ಪಿಸಿಬಿ (ತೂತುಗಳಿರುವ ಖಾಲಿ ಬೋರ್ಡು), ಮನೆ ವೈರಿಂಗಿಗೆ ಬಳಸುವ 4 ಇಂಚಿನ ಪಿವಿಸಿ ಜಂಕ್ಷನ್ ಬಾಕ್ಸ್, 20 ಮಿಲಿಮೀಟರ್ ಪಿವಿಸಿ ಪೈಪಿನ ತುಂಡು. ಕ್ಯಾನನ್‌ನ 1500ಡಿ ಅಂಥ ಕ್ಯಾಮೆರಾಗಳಿಗೆ 2.5 ಮಿಲಿಮೀಟರ್ ಸ್ಟೀರಿಯೊ ಪಿನ್ನು. ಬೇರೆ ಕಂಪನಿಯದಾದರೆ ಅದಕ್ಕೆ ಹೊಂದುವ ಕೇಬಲ್ ರಿಮೋಟ್ ಒಂದನ್ನು ಕೊಂಡು, ಗುಂಡಿಯ ಕಡೆ ಕತ್ತರಿಸಿ ತಂತಿ ತೆಗೆದುಕೊಳ್ಳುವುದು ಸುಲಭ. ನಿಕಾನ್ ಡಿ3400ಕ್ಕೆ ತಂತಿ ಚುಚ್ಚುವ ಜಾಗವೇ ಇಲ್ಲ, ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾದ ಪಕ್ಕದ ರಬ್ಬರ್ ಮುಚ್ಚಳ ತೆಗೆದು ನೋಡಿಕೊಳ್ಳಿ.

ಕಣ್ಣಿನ ಭಾಗ

ಫೋಟೊಡಯೋಡನ್ನು ಉಲ್ಟಾ ಜೋಡಿಸಬೇಕು: ಕ್ಯಾಥೋಡ್ ಪ್ಲಸ್ ಕಡೆಗೆ, ಆನೋಡ್ ರೆಸಿಸ್ಟರ್ ಮೂಲಕ ಗ್ರೌಂಡಿಗೆ. ಪ್ಲಸ್‌ನಿಂದ ಬರುವ ದಾರಿಯಲ್ಲಿ 100 ಓಮ್, ಅಲ್ಲಿಂದ ಗ್ರೌಂಡಿಗೆ 100 ಮೈಕ್ರೊಫ್ಯಾರಡ್. ಆರ್ಡುಯಿನೊದ ಸಪ್ಪಳ ಡಯೋಡಿಗೆ ಮುಟ್ಟದಿರಲು ಇದು. ಆನೋಡಿನಿಂದ ಗ್ರೌಂಡಿಗೆ ಹೋಗುವ ರೆಸಿಸ್ಟರ್ ಟಾಗಲ್ ಸ್ವಿಚ್ಚಿನಿಂದ ಬದಲಾಗುವಂತಿರಲಿ: ಹಗಲಿಗೆ 10 ಕಿಲೋ, ಮುಸ್ಸಂಜೆಗೆ 100 ಕಿಲೋ.

ಮೊದಲ ಬೋರ್ಡಿನಲ್ಲಿ ಈ ಆನೋಡಿನಿಂದ ನೇರ 10 ನ್ಯಾನೊಫ್ಯಾರಡ್ ಕೆಪಾಸಿಟರ್, ಅದರ ಆಚೆ 22 ಕಿಲೋ ರೆಸಿಸ್ಟರ್, ಅಲ್ಲಿಂದ ಎಲ್‌ಎಂ 358 ಎಂದು ಜೋಡಿಸಿದ್ದಾಯಿತು. ಹಗಲಿನಲ್ಲಿ ಕೆಲಸ ಮಾಡಿತು. ಮುಸ್ಸಂಜೆಗೆ 100 ಕಿಲೋಗೆ ಹಾಕಿದರೆ ಹತ್ತು ಪಟ್ಟು ಚುರುಕಾಗುವ ಬದಲು ಎರಡೂವರೆ ಪಟ್ಟು ಮಾತ್ರ ಆಯಿತು, ಮೇಲಾಗಿ ಎದುರುಮನೆಯ ಟ್ಯೂಬ್‌ಲೈಟಿಗೇ ಶಟರ್ ಹೊಡೆಯತೊಡಗಿತು. ಕಾರಣ ಲೆಕ್ಕದಲ್ಲೇ ಇದೆ. ಮಿಂಚಿನಂಥ ಚುರುಕು ಸಿಗ್ನಲ್ಲಿಗೆ ಕೆಪಾಸಿಟರ್ ಇದ್ದೂ ಇಲ್ಲದಂತೆ. 100 ಕಿಲೋ ಜೊತೆ 22 ಕಿಲೋ ಸಮಾನಾಂತರವಾಗಿ ಬಂದು ನಿಜಕ್ಕೂ ಉಳಿದದ್ದು 18 ಕಿಲೋ. ಜೊತೆಗೆ, 720 ಹರ್ಟ್ಸ್ ಕೆಳಗಿನದನ್ನು ತಡೆಯಬೇಕಿದ್ದ ಫಿಲ್ಟರ್ 130 ಹರ್ಟ್ಸ್‌ಗೆ ಇಳಿಯಿತು. ಮನೆಯ ಕರೆಂಟ್ 50 ಹರ್ಟ್ಸ್ ಆದ್ದರಿಂದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 720 ಹರ್ಟ್ಸ್ ಫಿಲ್ಟರ್ ಆ ಮಿಣುಕನ್ನು ಏಳರಲ್ಲಿ ಒಂದು ಪಾಲಿಗೆ ಇಳಿಸುತ್ತದೆ, 130ರದ್ದು ಅರ್ಧಕ್ಕಿಂತ ಹೆಚ್ಚು ಪಾಲನ್ನು ಹಾಗೇ ಬಿಡುತ್ತದೆ.

ಮದ್ದು ಕೈಯಲ್ಲೇ ಇತ್ತು. ಎಲ್‌ಎಂ 358ರೊಳಗೆ ಎರಡು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್) ಇವೆ, ಒಂದು ಸುಮ್ಮನೆ ಕೂತಿತ್ತು. ಎರಡನೇ ಬೋರ್ಡಿನಲ್ಲಿ ಆನೋಡನ್ನು ಮೊದಲ ಆಪ್‌ಆಂಪಿನ 3ನೇ ಕಾಲಿಗೆ ಕೊಟ್ಟು, 1 ಮತ್ತು 2ನೇ ಕಾಲನ್ನು ಒಂದಕ್ಕೊಂದು ಕೂಡಿಸಿ ಬಫರ್ ಮಾಡಬೇಕು, ಅಂದರೆ ಮುಂದಿನ ಭಾಗದ ಹೊರೆ ಡಯೋಡಿನ ಮೇಲೆ ಬೀಳದಂತೆ ನಡುವೆ ನಿಲ್ಲಿಸಬೇಕು. 1ನೇ ಕಾಲಿನಿಂದ 10 ನ್ಯಾನೊಫ್ಯಾರಡ್, ಅಲ್ಲಿಂದ 5ನೇ ಕಾಲು. 33 ಕಿಲೋ ಪ್ಲಸ್‌ಗೆ, 10 ಕಿಲೋ ಗ್ರೌಂಡಿಗೆ ಇಟ್ಟು ಮಾಡಿದ ನಡುಬಿಂದುವಿಗೆ 10 ಮೈಕ್ರೊಫ್ಯಾರಡ್ ಹಾಕಿ, ಆ ಬಿಂದುವಿನಿಂದ 22 ಕಿಲೋ ಮೂಲಕ 5ನೇ ಕಾಲಿಗೆ ಸುಮಾರು 1 ವೋಲ್ಟ್ ಆಸರೆ ಕೊಡಿ. 7ರಿಂದ 6ಕ್ಕೆ 220 ಕಿಲೋ. 6ರಿಂದ 10 ಕಿಲೋ, ಅದರ ಸಾಲಿನಲ್ಲೇ ಇನ್ನೊಂದು 10 ಮೈಕ್ರೊಫ್ಯಾರಡ್, ಕೊನೆಗೆ ಗ್ರೌಂಡ್. ಸಿಗ್ನಲ್ 23 ಪಟ್ಟು ದೊಡ್ಡದಾಗುತ್ತದೆ. ಐಸಿಯ 8ನೇ ಕಾಲು ಪ್ಲಸ್, 4ನೇ ಕಾಲು ಗ್ರೌಂಡ್.

ಮಲ್ಟಿಮೀಟರ್ ಹಿಡಿದು ಫೋಟೊಡಯೋಡಿನ ಆನೋಡನ್ನು ಅಳೆಯಿರಿ. ಮೋಡ ಕವಿದ ಆಕಾಶಕ್ಕೆ ಮುಖ ಮಾಡಿದಾಗ ಅರ್ಧದಿಂದ ಎರಡು ವೋಲ್ಟ್ ಇದ್ದರೆ ಸರಿ. ಎರಡೂವರೆ ದಾಟಿತೆಂದರೆ ಎಲ್‌ಎಂ 358 ಅದಕ್ಕಿಂತ ಮೇಲಿನದನ್ನು ನೋಡಲಾರದು, ಮಿಂಚು ಹೊಡೆದರೂ ಪೆಟ್ಟಿಗೆ ಕುರುಡು. ಆಗ 10 ಕಿಲೋ ಬದಲು 4.7 ಕಿಲೋ ಹಾಕಿ. "ಮಧ್ಯಾಹ್ನ ಒಂದೂ ಹಿಡಿಯಲಿಲ್ಲ, ಸಂಜೆ ಎಲ್ಲಾ ಹಿಡಿಯಿತು" ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ತೀರ್ಮಾನದ ಭಾಗ

ಆರ್ಡುಯಿನೊದಲ್ಲಿ ಅನಲಾಗ್ ರೀಡ್ ಮಾಡುತ್ತ ಕೂರುವುದು ಒಂದು ವಿಧಾನ. ಒಂದು ಓದಿಗೆ ನೂರಕ್ಕೂ ಹೆಚ್ಚು ಮೈಕ್ರೊಸೆಕೆಂಡ್ ಬೇಕು, ನಡುವೆ ಬೇರೆ ಕೆಲಸ ಕೊಟ್ಟರೆ ಇನ್ನೂ ತಡ. ನ್ಯಾನೊದ ಚಿಪ್ಪಿನೊಳಗೇ ಎರಡು ವೋಲ್ಟೇಜ್ ಹೋಲಿಸಿ ನೋಡುವ ಅನಲಾಗ್ ಕಂಪ್ಯಾರೇಟರ್ ಒಂದಿದೆ, ಅದನ್ನು ಬಳಸುವುದು ಲೇಸು. ಎಲ್‌ಎಂ 358ರ 7ನೇ ಕಾಲು ನ್ಯಾನೊದ ಡಿ6ಕ್ಕೆ, ಪ್ರಿಸೆಟ್ಟಿನ ನಡುಗಾಲು ಡಿ7ಕ್ಕೆ. ಪ್ರಿಸೆಟ್ಟಿನ ಒಂದು ತುದಿ ಗ್ರೌಂಡಿಗೆ, ಇನ್ನೊಂದು ತುದಿ 10 ಕಿಲೋ ಮೂಲಕ ಪ್ಲಸ್‌ಗೆ. ಹೀಗೆ ಮಾಡಿದರೆ ಪೂರ್ತಿ ತಿರುವು ಸೊನ್ನೆಯಿಂದ ಅರ್ಧ ಸಪ್ಲೈವರೆಗೆ ಮಾತ್ರ ಹರಡಿ ಹೊಂದಿಸುವುದು ನವಿರಾಗುತ್ತದೆ. ಡಿ6ಕ್ಕಿಂತ ಡಿ7ರ ವೋಲ್ಟೇಜ್ 0.25 ವೋಲ್ಟ್ ಮೇಲಿರುವಂತೆ ತಿರುಗಿಸಿ ಶುರು ಮಾಡಿ. ಎರಡೂ ಒಂದೇ ಸಪ್ಲೈನಿಂದ ಪಾಲು ಮಾಡಿದ್ದರಿಂದ ಸೆಲ್ ಇಳಿದರೆ ಎರಡೂ ಒಟ್ಟಿಗೇ ಇಳಿಯುತ್ತವೆ, ಪದೇ ಪದೇ ತಿರುಗಿಸುವ ತಾಪತ್ರಯವಿಲ್ಲ.

ಪ್ರೋಗ್ರಾಮ್ ಚಿಕ್ಕದು. ಡಿ6 ಡಿ7ನ್ನು ಮೀರಿದ ಕ್ಷಣ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಕರೆಯುವ ಸೂಚನೆ) ಬರುವಂತೆ ಮಾಡಿ. ಇಂಟರಪ್ಟಿನೊಳಗೆ ಮಾಡಬೇಕಾದದ್ದು ಎರಡೇ: ಡಿ4 ಎತ್ತುವುದು, ಇಂಟರಪ್ಟ್ ಮುಚ್ಚುವುದು. ಉಳಿದದ್ದು ಹೊರಗಿನ ಲೂಪಿನಲ್ಲಿ: 150 ಮಿಲಿಸೆಕೆಂಡ್ ಹಿಡಿದು ಡಿ4 ಬಿಡುವುದು, ಎಕ್ಸ್‌ಪೋಶರ್ ಸಮಯಕ್ಕೆ 300 ಮಿಲಿಸೆಕೆಂಡ್ ಸೇರಿಸಿ ಕಾಯುವುದು, ಮತ್ತೆ ಇಂಟರಪ್ಟ್ ತೆರೆಯುವುದು. ತೆರೆಯುವ ಮುಂಚೆ ಕಂಪ್ಯಾರೇಟರಿನ ಹಳೆಯ ಫ್ಲ್ಯಾಗನ್ನು (ಹೊಡೆತ ಬಂದಿತ್ತೆಂಬ ಗುರುತಿನ ಬಿಟ್ಟು) ಅಳಿಸಲೇಬೇಕು. ಕಾಯುತ್ತಿದ್ದಾಗ ಬಂದ ಹೊಡೆತಗಳು ಆ ಫ್ಲ್ಯಾಗನ್ನು ಎತ್ತಿಟ್ಟಿರುತ್ತವೆ. ಅಳಿಸದೆ ತೆರೆದರೆ ಪ್ರತಿ ಮಿಂಚಿಗೂ ಎರಡು ಫೋಟೊ, ಎರಡನೆಯದು ಖಾಲಿ. ಅಳಿಸುವುದು ಆ ಬಿಟ್ಟಿಗೆ 1 ಬರೆದು, 0 ಬರೆದಲ್ಲ. ಇದೊಂದನ್ನು ಮರೆತು ತಲೆ ಕೆರೆದುಕೊಳ್ಳುವವರು ಬಹಳ.

ಕ್ಯಾಮೆರಾಕ್ಕೆ ಜೋಡಣೆ

ಕ್ಯಾನನ್‌ನ 2.5 ಮಿಲಿಮೀಟರ್ ಪಿನ್ನಿನಲ್ಲಿ ತುದಿ ಶಟರ್, ನಡುವಿನ ಉಂಗುರ ಫೋಕಸ್, ಬುಡ ಗ್ರೌಂಡ್. ಡಿ4ರಿಂದ 330 ಓಮ್ ಮೂಲಕ ಒಂದು ಪಿಸಿ 817ರ 1ನೇ ಕಾಲು, 2ನೇ ಕಾಲು ನಮ್ಮ ಗ್ರೌಂಡಿಗೆ; ಆಚೆ ಬದಿಯ 4ನೇ ಕಾಲು ಪಿನ್ನಿನ ತುದಿಗೆ, 3ನೇ ಕಾಲು ಪಿನ್ನಿನ ಬುಡಕ್ಕೆ. 3 ಮತ್ತು 4 ಅದಲುಬದಲಾದರೆ ಏನೂ ಸುಡುವುದಿಲ್ಲ, ಕ್ಯಾಮೆರಾ ಸುಮ್ಮನೆ ಕೂರುತ್ತದೆ. ಇನ್ನೊಂದು ಪಿಸಿ 817 ಫೋಕಸಿಗೆ, ಡಿ3ರಿಂದ, ನಡುವೆ ಎರಡನೇ ಟಾಗಲ್ ಸ್ವಿಚ್ ಇಟ್ಟು. ಪೆಟ್ಟಿಗೆಯ ಗ್ರೌಂಡನ್ನು ಕ್ಯಾಮೆರಾದ ಗ್ರೌಂಡಿಗೆ ಸೇರಿಸಬೇಡಿ, ಆಪ್ಟೊಕಪ್ಲರ್ ಹಾಕುವುದೇ ಅವೆರಡನ್ನು ದೂರ ಇಡಲು. ರಿಲೇ ಹಾಕಿದರೆ ಅದರ ಎಲೆ ಎಳೆದುಕೊಳ್ಳಲು 5ರಿಂದ 10 ಮಿಲಿಸೆಕೆಂಡ್ ದಂಡ.

ಫೋಕಸ್ ತಂತಿಯನ್ನು ಸದಾ ಒತ್ತಿ ಹಿಡಿಯಬೇಕು. ಗುಂಡಿ ಅರ್ಧ ಒತ್ತಿದ ಕ್ಯಾಮೆರಾ ಎಚ್ಚರವಾಗಿರುತ್ತದೆ, ಇಲ್ಲದಿದ್ದರೆ ಕೆಲವೇ ಸೆಕೆಂಡಿಗೆ ತೂಕಡಿಸಿ, ಏಳಲು ಇನ್ನಷ್ಟು ಹೊತ್ತು ತಿನ್ನುತ್ತದೆ. ಹೀಗೆ ಹಿಡಿದಿರುವಾಗ ಮೆನು ತೆರೆಯುವುದಿಲ್ಲ, ತೆಗೆದದ್ದನ್ನು ನೋಡಲಾಗುವುದಿಲ್ಲ. ಟಾಗಲ್ ಸ್ವಿಚ್ ಅದಕ್ಕಾಗಿ. ಬ್ಯಾಟರಿ ಬೇಗ ಇಳಿಯುತ್ತದೆ. 1500ಡಿಯ ಬ್ಯಾಟರಿ 860 ಮಿಲಿಆಂಪ್ ಅವರ್ ಮಾತ್ರ, ಇನ್ನೊಂದು ಜೇಬಿನಲ್ಲಿರಲಿ.

ಪಿನ್ನಿನ ತಂತಿಗೆ ಹಳೆಯ ಇಯರ್‌ಫೋನ್ ಕತ್ತರಿಸುವವರಿಗೊಂದು ಮಾತು. ಅದರ ಎಳೆಗಳ ಮೇಲೆ ಬಣ್ಣದ ಎನಾಮಲ್ ಲೇಪವಿರುತ್ತದೆ, ಸೋಲ್ಡರ್ ಹತ್ತಿದಂತೆ ಕಂಡರೂ ಒಳಗೆ ಹತ್ತಿರುವುದಿಲ್ಲ. ಲೈಟರಿನಿಂದ ತುದಿ ಸುಟ್ಟು, ಉಜ್ಜಿ, ಆಮೇಲೆ ಬೆಸುಗೆ ಹಾಕಿ.

ಕರೆಂಟು

ಪವರ್ ಬ್ಯಾಂಕ್ ಹಾಕಿದರೆ ಅರ್ಧ ನಿಮಿಷಕ್ಕೆ ಪೆಟ್ಟಿಗೆ ಸತ್ತುಹೋಗುತ್ತದೆ. ಕೆಟ್ಟಿದೆ ಎಂದು ಬಿಚ್ಚಬೇಡಿ. ಇದು ಎಳೆಯುವುದು 30 ಮಿಲಿಆಂಪ್ ಆಸುಪಾಸು. ಬಹಳಷ್ಟು ಪವರ್ ಬ್ಯಾಂಕ್‌ಗಳು ಅಷ್ಟು ಕಡಿಮೆ ಎಳೆತವನ್ನು "ಚಾರ್ಜ್ ಮುಗಿಯಿತು" ಎಂದು ತಿಳಿದು ಆಫ್ ಆಗುತ್ತವೆ. ನಾಲ್ಕು ರೀಚಾರ್ಜಬಲ್ ಎಎ ಸೆಲ್ ಉತ್ತಮ. ಆಗಷ್ಟೇ ಚಾರ್ಜರಿನಿಂದ ತೆಗೆದ ಸೆಲ್ 1.4 ವೋಲ್ಟ್ ಇರುತ್ತದೆ, ನಾಲ್ಕಕ್ಕೆ 5.6, ಅದು ನ್ಯಾನೊದ 5 ವೋಲ್ಟ್ ಕಾಲಿಗೆ ಜಾಸ್ತಿ. ಸಾಲಿನಲ್ಲಿ 1ಎನ್4007 ಹಾಕಿದರೆ ಮುಕ್ಕಾಲು ವೋಲ್ಟ್ ಹತ್ತಿರ ಇಳಿಯುತ್ತದೆ, ಗಡಿಬಿಡಿಯಲ್ಲಿ ಸೆಲ್ ಉಲ್ಟಾ ಹಾಕಿದರೂ ಕಾಪಾಡುತ್ತದೆ. 2000 ಮಿಲಿಆಂಪ್ ಅವರ್ ಸೆಲ್ಲಿಗೆ 60 ತಾಸಿನ ಲೆಕ್ಕ. ಮೊಬೈಲ್ ಚಾರ್ಜರಿಗೆ, ಲ್ಯಾಪ್‌ಟಾಪಿಗೆ ಜೋಡಿಸಿಟ್ಟು ಮಿಂಚಿನ ಹೊತ್ತಿಗೆ ಬಳಸುವುದು ಮಾತ್ರ ಬೇಡವೇ ಬೇಡ. ಕಂಬದ ತಂತಿಯಲ್ಲಿ ಹರಿದು ಬರುವ ಸಿಡಿಲಿಗೆ ಕ್ಯಾಮೆರಾದವರೆಗೂ ದಾರಿ ಮಾಡಿಕೊಟ್ಟಂತೆ.

ಡಬ್ಬಿ ಮತ್ತು ಕೊಳವೆ

ಬಿಪಿಡಬ್ಲ್ಯು 34 ಅಗಲಕಣ್ಣಿನದು, ಲೆನ್ಸಿನ ಚೌಕಟ್ಟಿನ ಹೊರಗಿನ ಮಿಂಚಿಗೂ ಹೊಡೆಯುತ್ತದೆ. ಪೈಪಿನ ತುಂಡು ಅದಕ್ಕೆ ಕಣ್ಣುಪಟ್ಟಿ. ಒಳವ್ಯಾಸ 18 ಮಿಲಿಮೀಟರ್ ಇದ್ದರೆ, ಡಯೋಡಿನ ಮುಖದಿಂದ ಮುಂದಕ್ಕೆ 15 ಮಿಲಿಮೀಟರ್ ಉದ್ದ ಬಿಟ್ಟಾಗ ಸುಮಾರು 62 ಡಿಗ್ರಿ ನೋಟ ಸಿಗುತ್ತದೆ. ಕಿಟ್ ಲೆನ್ಸಿನ 18 ಮಿಲಿಮೀಟರಿಗೆ ಅದು ತಾಳೆಯಾಗುತ್ತದೆ. 35 ಮಿಲಿಮೀಟರ್ ಲೆನ್ಸಿಗೆ ಕೊಳವೆ 28 ಮಿಲಿಮೀಟರ್ ಇರಲಿ. ಒಳಗೆ ಕಪ್ಪು ಮ್ಯಾಟ್ ಬಣ್ಣ ಬಳಿಯಿರಿ, ಬಿಳಿ ಪಿವಿಸಿ ಹಾಗೇ ಬಿಟ್ಟರೆ ಪಕ್ಕದ ಬೆಳಕು ಗೋಡೆಗೆ ಬಡಿದು ಒಳಬರುತ್ತದೆ. ಬಾಯಿಗೆ ಗಾಜಿನ ತುಂಡು, ಸುತ್ತ ಸಿಲಿಕೋನ್. ಡಬ್ಬಿಯ ಅಡಿಗೆ 3 ಮಿಲಿಮೀಟರಿನ ಒಂದು ತೂತು ಬೇಕು. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ, ಮಳೆ ಬಂದು ಗಾಳಿ ಒಮ್ಮೆಲೆ ತಂಪಾದಾಗ, ಒಳಗಿನ ಗಾಳಿಯ ತೇವವೇ ಗಾಜಿಗೆ ಹನಿಯಾಗಿ ಕೂರುತ್ತದೆ.

ಮಿಂಚಿಲ್ಲದೆ ಪರೀಕ್ಷೆ

ಟಿವಿ ರಿಮೋಟನ್ನು ಕೊಳವೆಗೆ ಹಿಡಿದು ಒತ್ತಿ. ಈ ಡಯೋಡಿಗೆ ಇನ್ಫ್ರಾರೆಡ್ ಚೆನ್ನಾಗಿ ಕಾಣುತ್ತದೆ, ಶಟರ್ ಹೊಡೆಯಬೇಕು. ಕೋಣೆಯ ಗೋಡೆಗೆ ಬಡಿದು ಬಂದ ಚಿಕ್ಕ ಫ್ಲ್ಯಾಶಿಗೂ ಹೊಡೆಯಬೇಕು. ಟ್ಯೂಬ್‌ಲೈಟ್ ಕೆಳಗೆ ಸುಮ್ಮನಿರಬೇಕು. ಗ್ಯಾಸ್ ಲೈಟರ್ ಚಿಟಿಕಿಸಿ ನೋಡುವವರು ಇದ್ದಾರೆ. ಅದರ ಕಿಡಿ ಬೆಳಕಿಗಿಂತ ಹೆಚ್ಚು ರೇಡಿಯೊ ಸಪ್ಪಳ ಮಾಡುತ್ತದೆ, ಕೊಳವೆ ಮುಚ್ಚಿದ್ದರೂ ಪೆಟ್ಟಿಗೆ ಹೊಡೆದರೆ ಅದು ತಂತಿಯ ದೋಷ. ಡಯೋಡಿನ ತಂತಿ 5 ಸೆಂಟಿಮೀಟರಿಗಿಂತ ಉದ್ದವಿದ್ದರೆ ಶೀಲ್ಡ್ ಇರುವ ತಂತಿ ಹಾಕಿ.

ಕ್ಯಾಮೆರಾ ಎಷ್ಟು ತಡ ಮಾಡುತ್ತದೆ ಎಂದು ಅಳೆಯುವುದು ಸುಲಭ. ಡಿ8ರಿಂದ ಡಿ13, ಎ0ರಿಂದ ಎ3, ಒಟ್ಟು ಹತ್ತು ಕಾಲಿಗೆ ಹತ್ತು ಎಲ್‌ಇಡಿ, ಪ್ರತಿಯೊಂದಕ್ಕೂ 330 ಓಮ್. ಡಿ4 ಎತ್ತಿದ ಕ್ಷಣದಿಂದ ಒಂದೊಂದನ್ನೂ 20 ಮಿಲಿಸೆಕೆಂಡ್‌ನಂತೆ ಸಾಲಾಗಿ ಬೆಳಗಿಸಿ, ಅದನ್ನೇ 1/200ರಲ್ಲಿ ಫೋಟೊ ತೆಗೆಯಿರಿ. ಐದನೆಯದು ಉರಿಯುತ್ತಿದ್ದರೆ ತಡ 80ರಿಂದ 100 ಮಿಲಿಸೆಕೆಂಡ್. ಹೊಸದಾಗಿ ಕಲಿಯುವವರಿಗೆಂದು ಬರುವ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಹಿಡಿದಿಟ್ಟಾಗ 60ರಿಂದ 120ರೊಳಗೆ ಬಂದರೆ ನಿಶ್ಚಿಂತೆ. ಅದಕ್ಕಿಂತ ಹೆಚ್ಚಿದ್ದರೆ ಲೈವ್ ವ್ಯೂ ಆನ್ ಇದೆಯೇ, ಲೆನ್ಸ್ ಆಟೊಫೋಕಸ್‌ನಲ್ಲಿದೆಯೇ ನೋಡಿ.

ಮೋಡ ಬಂದ ದಿನ

ಫೋಕಸನ್ನು ಹಿಂದಿನ ರಾತ್ರಿಯೇ ಮಾಡಿಡಿ. ದೂರದ ಮೊಬೈಲ್ ಟವರಿನ ಕೆಂಪು ದೀಪವನ್ನು ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ಕೈಯಿಂದ ಹೊಂದಿಸಿ, ರಿಂಗಿಗೆ ಟೇಪ್ ಅಂಟಿಸಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್, ಲೆನ್ಸಿನ ಸ್ಟೆಬಿಲೈಸರ್ ಆಫ್, ಆಟೊ ಪವರ್ ಆಫ್ ಕೂಡ ಆಫ್. ರಾ ಫೈಲ್.

ಎಕ್ಸ್‌ಪೋಶರ್‌ನಲ್ಲಿ ನೆನಪಿಡಬೇಕಾದದ್ದು ಒಂದೇ: ಶಟರ್ ಸಮಯ ಆಕಾಶದ ಬೆಳಕನ್ನು ಹೆಚ್ಚು-ಕಡಿಮೆ ಮಾಡುತ್ತದೆ, ಮಿಂಚಿನದನ್ನಲ್ಲ. ಮಿಂಚಿನ ಹೊಳಪು ಅಪರ್ಚರ್, ಐಎಸ್‌ಒ, ಫಿಲ್ಟರಿನ ಕೈಯಲ್ಲಿದೆ. ಕಪ್ಪು ಮೋಡದ ಸಂಜೆ 5ಕ್ಕೆ ಐಎಸ್‌ಒ 100, ಎಫ್/11, 1/4 ಸೆಕೆಂಡ್ ಇಟ್ಟು ನೋಡಿ. ಆಕಾಶ ಬೆಳ್ಳಗಾದರೆ ಮೊದಲು 1/8ಕ್ಕೆ ಇಳಿಸಿ, ಆಮೇಲೆ ಎಫ್/16. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಮಬ್ಬುಗಾಜು) ಹಾಕಿದರೆ ಆಕಾಶದ ಜೊತೆ ಮಿಂಚೂ ಮಂಕಾಗುತ್ತದೆ, ಅದು ಕೊನೆಯ ಉಪಾಯ. ಆರೂವರೆ ದಾಟಿದ ಮೇಲೆ ಎಫ್/8, ಅರ್ಧ ಸೆಕೆಂಡ್, ಸ್ವಿಚ್ 100 ಕಿಲೋ ಕಡೆಗೆ. ಏಳೂಕಾಲಿಗೆ ಪೆಟ್ಟಿಗೆ ಆಫ್ ಮಾಡಿ ಶಟರ್ ತೆರೆದಿಡುವ ಪದ್ಧತಿಗೆ ಬನ್ನಿ.

ಜಾಗ ಮನೆಯೊಳಗಿನದೇ ಇರಲಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟದಿಂದ ನೋಟ ಚೆಂದ. ಸಿಡಿಲಿಗೂ ಆ ಬೆಟ್ಟ ಅಷ್ಟೇ ಚೆಂದ. ಹಾವೇರಿ, ಗದಗ ಕಡೆಯ ಬಯಲು ಎರೆಹೊಲದ ನಡುವೆ ಟ್ರೈಪಾಡ್ ನೆಟ್ಟು ನಿಂತರೆ ಸುತ್ತಲಿನಲ್ಲಿ ಎತ್ತರದ್ದು ನೀವೇ. ಕಿಟಕಿಯ ಒಳಗೆ, ಸರಳುಗಳಿಗೆ ತಾಗದಂತೆ ಟ್ರೈಪಾಡ್ ಇಟ್ಟು, ಲೆನ್ಸನ್ನು ಎರಡು ಸರಳಿನ ನಡುವೆ ತೂರಿಸಿ. ಮಿಂಚು ಕಂಡು ಗುಡುಗು ಕೇಳುವ ತನಕ ಎಣಿಸಿ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆಯಾದರೆ ಮಿಂಚು 10 ಕಿಲೋಮೀಟರಿನೊಳಗಿದೆ, ಮಾಳಿಗೆ ಮೇಲೆ ಯಾರೂ ಇರಬಾರದು, ಒಳಗಿದ್ದವರೂ ಸರಳು ಮುಟ್ಟಬಾರದು. ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಕಾಲಿಡಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ (ಐಐಟಿಎಂ) ಮಾಡಿದ ದಾಮಿನಿ ಆ್ಯಪ್ 20 ಮತ್ತು 40 ಕಿಲೋಮೀಟರ್ ಸುತ್ತಿನ ಮಿಂಚುಗಳನ್ನು ತೋರಿಸುತ್ತದೆ, ಯಾವ ದಿಕ್ಕಿನ ಕಿಟಕಿ ಎಂದು ತೀರ್ಮಾನಿಸಲು ಅದೂ ಸಾಕು. ಮಳೆಗಿಂತ ಮುಂಚೆ ಬರುವ ಗಾಳಿಯಲ್ಲಿ ಧೂಳು ವಿಪರೀತ. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಹೊಲವೇ ಬಂದು ಕೂರುತ್ತದೆ.

ಮಳೆ ನಿಂತ ಮೇಲೆ ಹಿತ್ತಲಲ್ಲಿ

ಮಿರಗ (ಮೃಗಶಿರ ಮಳೆ) ಹುಟ್ಟಿದ ಮೇಲೆ ಮಿಂಚು ಕಡಿಮೆ, ಪೆಟ್ಟಿಗೆಗೆ ಬೇರೆ ಕೆಲಸ ಕೊಡಬಹುದು. ಡಿ2ಕ್ಕೆ ಇನ್ಫ್ರಾರೆಡ್ ಅಡ್ಡಿ ಸೆನ್ಸರ್ ಒಂದನ್ನು ಜೋಡಿಸಿದರೆ ಬಟ್ಟಲಿನ ನೀರಿಗೆ ಬರುವ ಪಿಕಳಾರ, ದಾಸವಾಳಕ್ಕೆ ಬರುವ ಸೂರಕ್ಕಿ ತಾವೇ ಫೋಟೊ ತೆಗೆದುಕೊಳ್ಳುತ್ತವೆ. ಮಿಂಚಿನ ಕಣ್ಣನ್ನೇ ಇದಕ್ಕೆ ಬಳಸಲಾಗದು. 720 ಹರ್ಟ್ಸ್ ಫಿಲ್ಟರಿಗೆ ಹಕ್ಕಿಯ ನೆರಳು ತೀರಾ ನಿಧಾನ. ಕ್ಯಾಮೆರಾದ ತಡವನ್ನು ಇಲ್ಲಿ ಮರೆಯಬೇಡಿ. ಸೆಕೆಂಡಿಗೆ 5 ಮೀಟರ್ ಹಾರುವ ಹಕ್ಕಿ 80 ಮಿಲಿಸೆಕೆಂಡಿನಲ್ಲಿ 40 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಸೆನ್ಸರ್ ಇಟ್ಟಲ್ಲೇ ಫೋಕಸ್ ಮಾಡಿದರೆ ಖಾಲಿ ಕೊಂಬೆ. ಸೆನ್ಸರನ್ನು ಹಕ್ಕಿ ಬರುವ ದಾರಿಯಲ್ಲಿ ಅಷ್ಟು ಹಿಂದಕ್ಕೆ ಸರಿಸಿ, ಇಲ್ಲವೇ ಅದು ಬಂದು ಕೂರುವ ಕಡ್ಡಿಯ ಮೇಲೇ ಇಡಿ. ಕೂತ ಹಕ್ಕಿಗೆ ನೂರು ಮಿಲಿಸೆಕೆಂಡ್ ಲೆಕ್ಕಕ್ಕಿಲ್ಲ. ಫ್ಲ್ಯಾಶ್ ಹಾಕುವುದಾದರೆ ಪೂರ್ತಿ ಶಕ್ತಿ ಬೇಡ, 1/16ಕ್ಕೆ ಇಳಿಸಿ. ಬೆಳಕಿನ ಅವಧಿ ಚಿಕ್ಕದಾಗಿ ರೆಕ್ಕೆ ನಿಂತಂತೆ ಬರುತ್ತದೆ, ಹಕ್ಕಿಯೂ ಬೆದರುವುದು ಕಡಿಮೆ.

ಮೊದಲ ದೊಡ್ಡ ಮಳೆಯ ಸಂಜೆ ಗೆದ್ದಲು ಹುತ್ತದಿಂದ ಏಳುವ ರೆಕ್ಕೆಹುಳುಗಳಿಗೆ ಸೆನ್ಸರ್ ಬೇಕಿಲ್ಲ. ಅಂಗಳದ ಬಲ್ಬಿನ ಎದುರು, ಬೆಳಕು ಹುಳುಗಳ ಹಿಂದಿನಿಂದ ಬರುವಂತೆ ನಿಂತು, 1/15ರಲ್ಲಿ ತೆಗೆದರೆ ಒಂದೊಂದು ಹುಳುವೂ ಒಂದೊಂದು ಸುರುಳಿಗೆರೆ ಬರೆಯುತ್ತದೆ. ಮುಕ್ಕಾಲು ತಾಸಿನೊಳಗೆ ರೆಕ್ಕೆ ಉದುರಿಸಿ ನೆಲ ಸೇರುತ್ತವೆ, ಆದ್ದರಿಂದ ಕ್ಯಾಮೆರಾ ಮೊದಲೇ ತಯಾರಿರಲಿ. ಹಂಗಾಮು ಮುಗಿದ ಮೇಲೆ ಸೆಲ್‌ಗಳನ್ನು ಹೋಲ್ಡರಿನಿಂದ ಹೊರಗೆ ತೆಗೆದಿಡಿ. ಇಲ್ಲದಿದ್ದರೆ ಮುಂದಿನ ಅಶ್ವಿನಿ ಮಳೆಯ ಹೊತ್ತಿಗೆ ಸೋರಿದ ಸೆಲ್ಲಿನ ಹಸಿರು ಕಿಲುಬು ಸ್ಪ್ರಿಂಗನ್ನೇ ತಿಂದಿರುತ್ತದೆ.